ಕಾವಲಿನ ಲೆಕ್ಕ ಕೇಳುವ ಹೊಣೆ

ತಪಸ್ಸುಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಲೆಕ್ಕ ಬಿಗಿಯಾಗುತ್ತದೆ. ಮಾಂಸದೂಟ ಬಿಟ್ಟದ್ದರಿಂದ ಉಳಿದ ಹಣ, ಹೊಸ ಬಟ್ಟೆಯನ್ನು ಮುಂದೂಡಿ ಉಳಿಸಿದ ಹಣ, ಮಕ್ಕಳು ಮಿಠಾಯಿ ತ್ಯಜಿಸಿ ಡಬ್ಬಿಗೆ ಹಾಕಿದ ನಾಣ್ಯ, ಇವೆಲ್ಲ ಪಾಸ್ಕ ಹಬ್ಬದ ಹೊತ್ತಿಗೆ ಬಡವರ ಪಾಲಾಗಬೇಕೆಂಬುದು ಹಿರಿಯರು ನಮಗೆ ಹಾಕಿಕೊಟ್ಟ ಪದ್ಧತಿ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ದೆಹಲಿಯ ಸಂಸತ್ತಿನಲ್ಲಿ ಇಡೀ ದೇಶದ ಮನೆಲೆಕ್ಕ ನಡೆಯುತ್ತಿರುತ್ತದೆ. ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು, ಯಾರ ಪಾಲು ಎಷ್ಟು ಎಂಬ ಪ್ರಶ್ನೆಗಳು ಎರಡೂ ಕಡೆ ಒಂದೇ.

ಆ ದೊಡ್ಡ ಲೆಕ್ಕದ ಒಂದು ಬಾಬಿನ ಬಗ್ಗೆ ಮಾತ್ರ ನಾವು ಮಾತನಾಡುವುದು ತೀರಾ ಕಡಿಮೆ. ಅದು ರಕ್ಷಣಾ ವೆಚ್ಚ. ರಸ್ತೆಯ ಹಳ್ಳಕ್ಕಾಗಿ, ಗೊಬ್ಬರದ ಅಭಾವಕ್ಕಾಗಿ, ಹೊಗೆಸೊಪ್ಪಿನ ಬೆಲೆಗಾಗಿ ಸರ್ಕಾರವನ್ನು ಪ್ರಶ್ನಿಸಲು ಹಿಂಜರಿಯದ ನಾವು, ಸೇನೆಯ ವಿಷಯ ಬಂದೊಡನೆ ಮೌನ ವಹಿಸುತ್ತೇವೆ. ಹಿಮದಲ್ಲಿ ನಿಂತು ಗಡಿ ಕಾಯುವವನ ಮುಖ ಕಣ್ಣೆದುರು ಬರುತ್ತದೆ. ಪ್ರಶ್ನಿಸಿದರೆ ಅವನಿಗೆ ದ್ರೋಹ ಬಗೆದಂತಾದೀತೆಂಬ ಅಳುಕು ಹುಟ್ಟುತ್ತದೆ. ಮಗನನ್ನು ಸೇನೆಗೆ ಕಳುಹಿಸಿ ದೂರವಾಣಿಯ ಕರೆಗಾಗಿ ಕಾಯುವ ತಾಯಂದಿರು ನಮ್ಮ ನಡುವೆಯೂ ಇದ್ದಾರೆ. ಆದುದರಿಂದ ಆ ಅಳುಕನ್ನು ನಾವು ಹಗುರವಾಗಿ ಕಾಣಲಾರೆವು. ಆದರೂ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆಯೆ, ಅದು ಕೇವಲ ಹಕ್ಕೋ ಅಥವಾ ಹೊಣೆಯೂ ಹೌದೋ ಎಂಬುದನ್ನು ಈ ವಾರ ವಾಚಕರ ಮುಂದಿಡಲು ಬಯಸುತ್ತೇವೆ.

ಒಂದು ರೂಪಾಯಿ ಹಂಚಿಹೋಗುವ ಬಗೆ

2025-26ನೇ ಸಾಲಿನ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣಾ ಸಚಿವಾಲಯಕ್ಕೆ ಮೀಸಲಿಟ್ಟ ಮೊತ್ತ 6,81,210 ಕೋಟಿ ರೂಪಾಯಿ. ಕೇಂದ್ರ ಸರ್ಕಾರ ವೆಚ್ಚ ಮಾಡಲು ಯೋಜಿಸಿದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ಹದಿಮೂರೂವರೆ ರೂಪಾಯಿ ಇದಕ್ಕೆ ಸಂದಿತು. ದೇಶದ ಜನಸಂಖ್ಯೆಯನ್ನು 140 ಕೋಟಿ ಎಂದಿಟ್ಟುಕೊಂಡರೆ ತಲೆಗೆ 4,800 ರೂಪಾಯಿಗೂ ಮಿಗಿಲು. ಐವರಿರುವ ಒಂದು ಕುಟುಂಬದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 24 ಸಾವಿರ. ಆದಾಯ ತೆರಿಗೆ ಕಟ್ಟದ ಮನೆಯವರೂ ಈ ಬೊಕ್ಕಸಕ್ಕೆ ಹೊರಗಿನವರಲ್ಲ. ಸೋಪು ಕೊಳ್ಳುವಾಗ, ಟ್ರಾಕ್ಟರಿಗೆ ಡೀಸೆಲ್ ತುಂಬಿಸುವಾಗ ನಾವೆಲ್ಲರೂ ಅದಕ್ಕೆ ಹಣ ಹಾಕುತ್ತಲೇ ಇರುತ್ತೇವೆ.

ಈ ಮೊತ್ತವೆಲ್ಲ ಆಯುಧಗಳಿಗೇ ಹೋಗುತ್ತದೆಂದು ತಿಳಿಯುವುದು ತಪ್ಪು. ಒಂದು ರೂಪಾಯಿಯನ್ನು ಬಿಡಿಸಿ ನೋಡಿದರೆ ಸುಮಾರು 46 ಪೈಸೆ ಸೈನಿಕರ ಸಂಬಳ, ಆಹಾರ, ಇಂಧನ, ದುರಸ್ತಿ ಮೊದಲಾದ ದಿನನಿತ್ಯದ ಖರ್ಚಿಗೆ. 24 ಪೈಸೆ ನಿವೃತ್ತರ ಮತ್ತು ಅವರ ಕುಟುಂಬದವರ ಪಿಂಚಣಿಗೆ. 4 ಪೈಸೆ ಗಡಿ ರಸ್ತೆ, ಕರಾವಳಿ ಕಾವಲು ಮುಂತಾದವುಗಳಿಗೆ. ಉಳಿದ 26 ಪೈಸೆ, ಅಂದರೆ 1,80,000 ಕೋಟಿ ರೂಪಾಯಿ, ಹೊಸ ವಿಮಾನ, ಹಡಗು, ಫಿರಂಗಿ, ಕ್ಷಿಪಣಿ ಮೊದಲಾದ ಬಂಡವಾಳ ವೆಚ್ಚಕ್ಕೆ. ಸೈನಿಕನ ಸಂಬಳವನ್ನಾಗಲಿ, ಅವನ ವಿಧವೆಯ ಪಿಂಚಣಿಯನ್ನಾಗಲಿ ನಾವು ಪ್ರಶ್ನಿಸುತ್ತಿಲ್ಲ. ಸೈನಿಕನ ಹೆಸರು ಮುಂದೆ ಮಾಡಿ ಆ 26 ಪೈಸೆಯ ಚರ್ಚೆಯನ್ನೇ ಮುಚ್ಚಿಬಿಡುವುದು ಸರಿಯೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಹೋಲಿಕೆಗೆ ಒಂದು ಅಂಕಿ ಸಾಕು. ಅದೇ ವರ್ಷ ದೇಶದ ಶಾಲಾ ಮಕ್ಕಳ ಮಧ್ಯಾಹ್ನದೂಟಕ್ಕಾಗಿ ಕೇಂದ್ರ ತೆಗೆದಿರಿಸಿದ್ದು 12,500 ಕೋಟಿ ರೂಪಾಯಿ. ಹೊಸ ಆಯುಧ ಮತ್ತು ಉಪಕರಣಗಳ ಬಂಡವಾಳ ವೆಚ್ಚವನ್ನು ದಿನಕ್ಕೆ ಹಂಚಿದರೆ, ಇಪ್ಪತ್ತೈದು ಅಥವಾ ಇಪ್ಪತ್ತಾರು ದಿನಗಳ ವೆಚ್ಚಕ್ಕೆ ಅದು ಸಮ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಂದ ಶಾಲೆಗೆ ಬರುವ ಮಗುವಿನ ತಟ್ಟೆಗೆ ಆ ಊಟ ಎಷ್ಟು ಮುಖ್ಯವೆಂಬುದನ್ನು ಅಲ್ಲಿಯ ಶಿಕ್ಷಕರು ಬಲ್ಲರು. ಅಡುಗೆಗೆ ರಾಜ್ಯ ಸರ್ಕಾರವೂ ತನ್ನ ಪಾಲು ಸೇರಿಸುತ್ತದೆಂಬುದು ನಿಜ. ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದೆ ಲೆಕ್ಕ ಪೂರ್ಣವಾಗದು.

ಹುಣಸೂರು ಕಂಡ ಸೇನೆಯ ಖರ್ಚು

ಸೇನೆಯ ಖರ್ಚೆಂಬುದು ದೂರದ ದೆಹಲಿಯ ವಿಷಯವೆಂದು ಭಾವಿಸುವವರು ನಮ್ಮ ಹುಣಸೂರಿನ ಚರಿತ್ರೆಯನ್ನೊಮ್ಮೆ ತಿರುವಿ ನೋಡಬೇಕು. ಮೈಸೂರಿನ ಅರಸರ 'ಬೆಣ್ಣೆ ಚಾವಡಿ' ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಇಲಾಖೆ. ಅದರ ದನಗಳ ತಳಿಯ ಶಕ್ತಿಯನ್ನು ಹೈದರಲಿ ಯುದ್ಧಕ್ಕೆ ಬಳಸಿಕೊಂಡನು. ಟಿಪ್ಪು ಸುಲ್ತಾನನು ಇಲಾಖೆಗೆ 'ಅಮೃತಮಹಲ್' ಎಂಬ ಹೆಸರಿಟ್ಟನು. ಅವರ ಫಿರಂಗಿಗಳು ಶತ್ರುವಿನ ಊಹೆಗೂ ಮೀರಿದ ವೇಗದಲ್ಲಿ ಸಾಗಿದ್ದು ಈ ಎತ್ತುಗಳ ಬಲದಿಂದ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಬ್ರಿಟಿಷರ ಕಣ್ಣು ಈ ತಳಿಯ ಮೇಲೆ ಬಿತ್ತು. 1813ರಲ್ಲಿ ಮದ್ರಾಸ್ ಸೇನೆಯ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವಿ ಅದರ ಆಡಳಿತ ವಹಿಸಿಕೊಂಡನು. ಹುಣಸೂರು ಅದರ ಕೇಂದ್ರವಾಯಿತು. ಸೇನೆಗಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಕೋಠಿ ಇಲ್ಲಿ ನೆಲೆಗೊಂಡವು. ಲಕ್ಷ್ಮಣತೀರ್ಥದ ದಡದ ಈ ಊರಿನ ಚಮ್ಮಾರರು, ನೇಯುವವರು, ಬಡಗಿಗಳು ಸೇನೆಯ ಹಣದಿಂದ ಬದುಕು ಕಟ್ಟಿಕೊಂಡರು.

1860ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ಕಾರಣ ನೀಡಿ ಅಮೃತಮಹಲ್ ವ್ಯವಸ್ಥೆಯನ್ನೇ ಮುಚ್ಚಿಸಿದನು. ಆದರೆ ಒಳ್ಳೆಯ ಎತ್ತುಗಳ ಅಭಾವ ಬೇಗನೆ ತಲೆದೋರಿತು. 1866ರಲ್ಲಿ ವ್ಯವಸ್ಥೆಯನ್ನು ಮತ್ತೆ ಕಟ್ಟಬೇಕಾಯಿತು. ಒಂದು ಲೇಖನಿಯ ಗೀಟಿನಿಂದ ಕತ್ತರಿಸಿದ್ದನ್ನು ಕೂಡಿಸಲು ವರ್ಷಗಳೇ ಹಿಡಿದವು. ಹುಣಸೂರಿನ ಕಾರ್ಖಾನೆಗಳಿಗೆ ಮಾತ್ರ ಹಿಂದಿನ ವೈಭವ ಮರಳಲಿಲ್ಲ. ಸೇನೆ ಬೆಳೆದಾಗ ದುಡಿದು, ಸೇನೆ ಖರ್ಚು ಕಡಿತ ಮಾಡಿದಾಗ ನಷ್ಟ ಹೊತ್ತವರು ಈ ಊರಿನ ಕೈಕಸುಬಿನವರೇ. ಏರಿಸುವಾಗಲಾಗಲಿ ಇಳಿಸುವಾಗಲಾಗಲಿ ಅವರನ್ನು ಕೇಳಿದವರಿಲ್ಲ.

ಈ ಕಥೆಗೆ ನಮ್ಮ ಕಾಲದಲ್ಲಿಯೂ ಒಂದು ಅಧ್ಯಾಯ ಸೇರಿದೆ. ಅಮೃತಮಹಲ್ ದನಗಳಿಗಾಗಿ ಹಳೆಯ ಮೈಸೂರು ಸೀಮೆಯ ಹಲವೆಡೆ ಬಿಟ್ಟಿದ್ದ ವಿಶಾಲವಾದ ಹುಲ್ಲುಗಾವಲುಗಳಿಗೆ 'ಕಾವಲು' ಎಂದೇ ಹೆಸರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಅಂತಹ ಕಾವಲಿನಲ್ಲಿ 4 ಸಾವಿರ ಎಕರೆಗೂ ಹೆಚ್ಚು ಭೂಮಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಪಾಲಾಯಿತು. 2017ರಲ್ಲಿ ಅಲ್ಲಿ ಪೈಲಟ್‌ರಹಿತ ವಿಮಾನಗಳನ್ನು ಪರೀಕ್ಷಿಸುವ ನೆಲೆ ಉದ್ಘಾಟನೆಗೊಂಡಿತು. ತಲೆಮಾರುಗಳಿಂದ ಅಲ್ಲಿ ಕುರಿ ದನ ಮೇಯಿಸುತ್ತಿದ್ದವರು ವಿರೋಧಿಸಿ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಸೇನೆಯ ಎತ್ತು ಮೇಯುತ್ತಿದ್ದ ನೆಲದ ಮೇಲೆ ಈಗ ಸೇನೆಯ ವಿಮಾನ ಹಾರುತ್ತದೆ. ದೇಶಕ್ಕೆ ಆ ನೆಲೆ ಅಗತ್ಯವಿರಬಹುದು. ಆದರೆ ರಕ್ಷಣೆಯ ಬೆಲೆಯೆಲ್ಲ ಮುಂಗಡಪತ್ರದ ಅಂಕಿಗಳಲ್ಲಿ ಕಾಣಿಸುವುದಿಲ್ಲ. ಅದರ ಒಂದು ಪಾಲನ್ನು ಮೇವು ಕಳೆದುಕೊಂಡ ಕುರಿಗಾಹಿ ತೆರುತ್ತಾನೆ.

ಬೈಲಕುಪ್ಪೆಯ ಪ್ರಶ್ನೆ

ಇಷ್ಟು ಹೇಳಿದ ಮೇಲೆ ಎದುರಿನ ಮಾತನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಆ ಮಾತು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲೇ ಇದೆ. ಚೀನಾದ ಸೇನೆಯನ್ನು ತಡೆಯಲಾಗದೆ ನೆಲ ಕಳೆದುಕೊಂಡ ಟಿಬೆಟ್ಟಿನ ಜನರಿಗೆ 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಅಲ್ಲಿ ಆಶ್ರಯ ನೀಡಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ನೆಲೆಯಿದೆ. ಕಾಯುವ ಶಕ್ತಿಯಿಲ್ಲದ ನಾಡಿನ ಗತಿ ಏನಾಗುತ್ತದೆಂದು ನಾವು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಅವರು ನಮ್ಮ ಸಂತೆಗೇ ಬರುತ್ತಾರೆ. 1962ರ ಯುದ್ಧದಲ್ಲಿ ಭಾರತವೂ ಪೆಟ್ಟು ತಿಂದಿತು. ಅದರ ಬೆನ್ನಿಗೆ ನಮ್ಮ ರಕ್ಷಣಾ ವೆಚ್ಚ ಎರಡೇ ವರ್ಷಗಳಲ್ಲಿ ದುಪ್ಪಟ್ಟಿಗಿಂತ ಹೆಚ್ಚಾಯಿತು. ಅದನ್ನು ದುಂದುವೆಚ್ಚವೆಂದು ಅಂದು ಯಾರು ತಾನೆ ಹೇಳಬಲ್ಲವರಾಗಿದ್ದರು?

ಧರ್ಮಸಭೆಯ ಬೋಧನೆ ಈ ಕಷ್ಟವನ್ನು ಅರಿಯದೆ ಮಾತನಾಡಿಲ್ಲ. 1965ರಲ್ಲಿ ಮುಕ್ತಾಯಗೊಂಡ ಎರಡನೆಯ ವ್ಯಾಟಿಕನ್ ಮಹಾಸಭೆ, ಬೇರೆಲ್ಲ ಮಾರ್ಗಗಳೂ ಮುಚ್ಚಿಹೋದಾಗ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕು ಸರ್ಕಾರಗಳಿಗಿದೆಯೆಂದು ಒಪ್ಪಿತು. ತನ್ನ ಕರ್ತವ್ಯವನ್ನು ನ್ಯಾಯವಾಗಿ ನಿರ್ವಹಿಸುವ ಸೈನಿಕ ಶಾಂತಿಗೇ ನೆರವಾಗುತ್ತಾನೆಂದಿತು. ಅದೇ ಉಸಿರಿನಲ್ಲಿ, ಶಸ್ತ್ರಾಸ್ತ್ರಗಳ ಪೈಪೋಟಿ ಬಡವರಿಗೆ ಸಹಿಸಲಾಗದ ಗಾಯವೆಂದೂ ಎಚ್ಚರಿಸಿತು.

ಇದಕ್ಕೆ ಒಂದು ವರ್ಷ ಮೊದಲು, 1964ರ ಡಿಸೆಂಬರಿನಲ್ಲಿ, ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕಾಗಿ ಮುಂಬಯಿಗೆ ಬಂದ ಜಗದ್ಗುರು ಆರನೆಯ ಪೌಲರು ನಮ್ಮ ನೆಲದಲ್ಲೇ ನಿಂತು ಒಂದು ಮನವಿ ಮಾಡಿದರು. ರಾಷ್ಟ್ರಗಳು ಆಯುಧಕ್ಕೆ ಸುರಿಯುವ ಹಣದಲ್ಲಿ ಒಂದು ಭಾಗವನ್ನಾದರೂ ತೆಗೆದು, ಲೋಕದ ಕಡುಬಡವರಿಗಾಗಿ ನಿಧಿಯೊಂದನ್ನು ಸ್ಥಾಪಿಸಬೇಕೆಂಬುದು ಅವರ ಕೋರಿಕೆ. ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ದೇಶದಲ್ಲಿ ಈ ಮಾತನಾಡಲು ಧೈರ್ಯ ಬೇಕಿತ್ತು. ಮರುವರ್ಷವೇ ಪಾಕಿಸ್ತಾನದೊಡನೆ ಯುದ್ಧ ನಡೆಯಿತು. 1967ರಲ್ಲಿ ಅವರು ತಮ್ಮ ವಿಶ್ವಪತ್ರದಲ್ಲಿ ಅದೇ ಮನವಿಯನ್ನು ನೆನಪಿಸಿದರು. 2020ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರೂ ಅದನ್ನೇ ಪುನರುಚ್ಚರಿಸಿದರು. ಲೋಕ ಕಿವಿಗೊಟ್ಟಂತಿಲ್ಲ. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಮಿಲಿಟರಿ ವೆಚ್ಚ 2 ಲಕ್ಷ 70 ಸಾವಿರ ಕೋಟಿ ಡಾಲರುಗಳನ್ನು ಮೀರಿತು. ಭಾರತ ಐದನೆಯ ಸ್ಥಾನದಲ್ಲಿತ್ತು.

ನಾವು ಮಾಡಬಹುದಾದದ್ದು

ಹುಣಸೂರಿನ ಅನುಭವ ಒಂದು ಕಡೆ, ಬೈಲಕುಪ್ಪೆಯ ಅನುಭವ ಇನ್ನೊಂದು ಕಡೆ. ಕಣ್ಣುಮುಚ್ಚಿ ಕತ್ತರಿಸಿದರೂ ನಷ್ಟ, ಕಣ್ಣುಮುಚ್ಚಿ ಕೊಟ್ಟರೂ ನಷ್ಟ. ಕಣ್ಣು ತೆರೆದು ನೋಡಬೇಕೆಂಬುದಷ್ಟೇ ನಮ್ಮ ಮನವಿ.

ರಕ್ಷಣಾ ಅನುದಾನದ ಬೇಡಿಕೆಗಳು ನಾಲ್ಕು ಭಾಗಗಳಾಗಿ ಲೋಕಸಭೆಯ ಮುಂದೆ ಬರುತ್ತವೆ. ಸಂಸತ್ತಿನ ಸ್ಥಾಯಿ ಸಮಿತಿಯೊಂದು ಅವನ್ನು ಪರಿಶೀಲಿಸಿ ವರದಿ ನೀಡುತ್ತದೆ. ಬಳಿಕ ಸದನದಲ್ಲಿ ಚರ್ಚೆಯಾಗಬೇಕು. ಆದರೆ ಸಮಯ ಮುಗಿಯಿತೆಂದು ಚರ್ಚೆಯಾಗದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಅಂಗೀಕರಿಸುವ ಪದ್ಧತಿಯಿದೆ. ರಕ್ಷಣಾ ಬೇಡಿಕೆಗಳು ಹಲವು ವರ್ಷ ಹೀಗೆಯೇ ಹಾದುಹೋಗಿವೆ. 2023ರ ಮಾರ್ಚಿನಲ್ಲಂತೂ ಸದನದ ಗದ್ದಲದ ನಡುವೆ ಸುಮಾರು 45 ಲಕ್ಷ ಕೋಟಿ ರೂಪಾಯಿಗಳ ಇಡೀ ಮುಂಗಡಪತ್ರಕ್ಕೆ ಚರ್ಚೆಯಿಲ್ಲದೆ ಒಪ್ಪಿಗೆ ದೊರೆಯಿತು. ಮಗಳ ಮದುವೆಯ ಖರ್ಚನ್ನು ಯಾವ ತಂದೆಯೂ ಹೀಗೆ ಒಪ್ಪಲಾರನು.

ನಮ್ಮ ನಾಲ್ಕು ತಾಲ್ಲೂಕುಗಳು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ: ಹುಣಸೂರು ಮತ್ತು ಪಿರಿಯಾಪಟ್ಟಣ ಮೈಸೂರು-ಕೊಡಗಿಗೆ, ಕೃಷ್ಣರಾಜನಗರ ಮಂಡ್ಯಕ್ಕೆ, ಹೆಗ್ಗಡದೇವನಕೋಟೆ ಚಾಮರಾಜನಗರಕ್ಕೆ ಸೇರುತ್ತವೆ. ಅಂದರೆ ಮೂವರು ಸಂಸದರು ನಮಗೆ ಉತ್ತರ ಹೇಳಬೇಕಾದವರು. ರಸ್ತೆ, ರೈಲುಗಳ ಮನವಿಪತ್ರದ ಜೊತೆಗೆ ಮತ್ತೊಂದು ಸಾಲು ಸೇರಿಸಲು ನಮಗೆ ಕಷ್ಟವೇನಿಲ್ಲ. ರಕ್ಷಣಾ ಬೇಡಿಕೆಯ ದಿನ ನೀವು ಸದನದಲ್ಲಿದ್ದಿರಾ, ಏನು ಕೇಳಿದಿರಿ ಎಂದು ವಿನಯದಿಂದ ವಿಚಾರಿಸಬಹುದು. ಧರ್ಮಕೇಂದ್ರದ ಯುವಕ ಯುವತಿಯರು ಒಂದು ಸಂಜೆ ಕುಳಿತು ಮುಂಗಡಪತ್ರದ ಈ ಪುಟವನ್ನು ಓದಬಹುದು. ಅಂತಹ ಕೂಟಕ್ಕೆ ನಿವೃತ್ತ ಸೈನಿಕರನ್ನು ಕರೆದರೆ ಇನ್ನೂ ಒಳಿತು. ಹಳೆಯ ಸಲಕರಣೆ ಹಿಡಿದು ನಿಂತವರು, ಹಣ ಸರಿಯಾದ ಕಡೆ ತಲುಪಿತೇ ಎಂಬ ಪ್ರಶ್ನೆಯ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಲೆಕ್ಕ ಕೇಳುವುದು ಅವರಿಗೆ ದ್ರೋಹವಲ್ಲ, ಸಲ್ಲಿಸುವ ಗೌರವ.

ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಂತ ಅಂತೋಣಿಯವರ ಮರದ ಪ್ರತಿಮೆ ದೊರಕಿತೆಂಬುದು ನಮ್ಮ ಹಿರಿಯರಿಂದ ಬಂದ ನಂಬಿಕೆ. 2019ರಲ್ಲಿ ಬೆಸಿಲಿಕದ ಗೌರವ ಪಡೆದ ಆ ಪುಣ್ಯಕ್ಷೇತ್ರಕ್ಕೆ ಜಾತಿ ಮತ ನೋಡದೆ ಜನ ಬರುತ್ತಾರೆ. ಮಗ ಕ್ಷೇಮವಾಗಿ ಗಡಿಯಿಂದ ಮರಳಲೆಂದು ಮೇಣದಬತ್ತಿ ಹಚ್ಚುವ ತಾಯಂದಿರೂ ಬರುತ್ತಾರೆ. ಕತ್ತಿಗಳು ನೇಗಿಲಾಗುವ ದಿನವನ್ನು ಪ್ರವಾದಿ ಯೆಶಾಯ ಕಂಡಿದ್ದನು. ಆ ದಿನ ಇನ್ನೂ ದೂರವಿದೆ. ಅಲ್ಲಿಯವರೆಗೆ ಕತ್ತಿಗೆಷ್ಟು, ನೇಗಿಲಿಗೆಷ್ಟು ಎಂದು ಪ್ರತಿ ವರ್ಷ ಕೇಳುತ್ತಿರುವ ಕೆಲಸ ನಮ್ಮದು.