ಪಾಠಾಂತರಗಳ ಲೆಕ್ಕ: ‘ಗಿಟ್’ ವ್ಯವಸ್ಥೆಯ ಸ್ವರೂಪ

ಹಲವು ಕೈಗಳು ತಿದ್ದುವ ಬರಹದಲ್ಲಿ ಮೂಲಪಾಠ ಯಾವುದು, ತಿದ್ದುಪಡಿ ಯಾರದು, ಅದು ಎಂದು ಸೇರಿತು ಎಂಬ ಪ್ರಶ್ನೆಗಳು ಏಳುವುದು ಸಹಜ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಕಾವ್ಯಗಳನ್ನು ಸಂಪಾದಿಸುವವರು ಈ ತೊಡಕನ್ನು ಬಲ್ಲರು. ಲಿಪಿಕಾರನು ತಾನು ಮಾಡಿದ ಬದಲಾವಣೆಯನ್ನು ಗುರುತಿಸಿಡುವುದು ವಿರಳ. ಪ್ರತಿಗಳ ವಂಶವೃಕ್ಷವನ್ನು ಸಂಪಾದಕನು ಪಾಠಾಂತರಗಳಿಂದಲೇ ಊಹಿಸಬೇಕು. ಕಂಪ್ಯೂಟರ್ ಪ್ರೋಗ್ರಾಮಿನ ಮೂಲಲಿಪಿ, ಎಂದರೆ ಸೋರ್ಸ್ ಕೋಡ್, ಕೂಡ ಅನೇಕರು ಸೇರಿ ಬರೆಯುವ ಗ್ರಂಥವೇ. ಅಲ್ಲಿ ಒಂದಕ್ಷರ ತಪ್ಪಿದರೂ ಕೆಲಸ ಕೆಡಬಹುದಾದುದರಿಂದ, ಬದಲಾವಣೆಗಳ ಲೆಕ್ಕವನ್ನು ಆಗಿಂದಾಗಲೇ ಇಡುವ ಸಾಧನಗಳು ಹುಟ್ಟಿದವು. 1972ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಎಸ್‌ಸಿಸಿಎಸ್ ಇವುಗಳಲ್ಲಿ ಪ್ರಾಚೀನವಾದುದು.

ಈ ಲೆಕ್ಕದ ಮಹತ್ತ್ವವನ್ನು ಲಿನಕ್ಸ್ ಕರ್ನೆಲ್ಲಿನ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸರು ಆರಂಭಿಸಿದ ಈ ಕಾರ್ಯಕ್ಕೆ ನಾನಾ ದೇಶದವರು ಕೈಗೂಡಿಸಿದರು. ಮೊದಮೊದಲು ತಿದ್ದುಪಡಿಗಳು ಮಿಂಚಂಚೆಯಲ್ಲಿ ಬಂದು ಸೇರುತ್ತಿದ್ದವು. 2002ರಲ್ಲಿ ಅವರು ಬಿಟ್‌ಕೀಪರ್ ಎಂಬ ಖಾಸಗಿ ಒಡೆತನದ ಸಾಧನವನ್ನು ಅವಲಂಬಿಸಿದರು. ಶುಲ್ಕವಿಲ್ಲದೆ ದೊರೆತಿದ್ದ ಆ ಅನುಮತಿಯನ್ನು 2005ರಲ್ಲಿ ಒಡೆಯರು ಹಿಂತೆಗೆದುಕೊಂಡರು. ಸರ್ವರ ದುಡಿಮೆಯ ಲೆಕ್ಕಪುಸ್ತಕ ಅನ್ಯರ ಕಪಾಟಿನಲ್ಲಿದ್ದರೆ ಒದಗುವ ಆಪತ್ತು ಆಗ ವಿದಿತವಾಯಿತು. ಅದೇ ಏಪ್ರಿಲ್ ತಿಂಗಳಲ್ಲಿ ಟೋರ್ವಾಲ್ಡ್ಸರು ‘ಗಿಟ್’ ವ್ಯವಸ್ಥೆಯನ್ನು ರಚಿಸತೊಡಗಿದರು. ಜೂನ್ ತಿಂಗಳಲ್ಲಿ ಹೊರಬಂದ ಲಿನಕ್ಸ್ 2.6.12 ಅದರ ನೆರವಿನಿಂದಲೇ ಸಿದ್ಧವಾಯಿತು.

ಗಿಟ್ಟಿನ ಮರ್ಮ ಎರಡು. ಮೊದಲನೆಯದು, ಭಂಡಾರದ ಬೀಗದ ಕೈ ಒಬ್ಬನಲ್ಲಿಯೇ ಇರುವುದಿಲ್ಲ; ಸಾಮಾನ್ಯವಾಗಿ ಪ್ರತಿಯೊಬ್ಬ ಸಹೋದ್ಯೋಗಿಯ ಬಳಿಯೂ ಸಮಗ್ರ ಚರಿತ್ರೆಯ ಪ್ರತಿ ಇರುತ್ತದೆ. ಎರಡನೆಯದು, ಪ್ರತಿಯೊಂದು ದಾಖಲೆಗೂ ಅದರೊಳಗಿನ ಪಾಠದಿಂದಲೇ ಗಣಿಸಿದ, ರೂಢಿಯಲ್ಲಿ 40 ಚಿಹ್ನೆಗಳ ಮುದ್ರೆಯೊಂದುಂಟು. ಅದರಲ್ಲಿ ಹಿಂದಿನ ದಾಖಲೆಯ ಮುದ್ರೆಯೂ ಅಡಕವಾಗಿರುವುದರಿಂದ, ಹಳೆಯ ಪಾಠವನ್ನು ಗುಟ್ಟಾಗಿ ತಿದ್ದಿದರೆ ಮುಂದಿನ ಮುದ್ರೆಗಳೆಲ್ಲವೂ ಬದಲಾಗುತ್ತವೆ. ಇತರರ ಪ್ರತಿಗಳೊಡನೆ ತಾಳೆ ನೋಡಿದೊಡನೆ ವ್ಯತ್ಯಾಸ ಬಯಲಾಗುತ್ತದೆ. ಇಂದಿನ ಆಖೈರು ಶಿಲ್ಕು ನಾಳೆಯ ಆರಂಭದ ಶಿಲ್ಕಾಗುವ ಖಾತೆಯ ಕ್ರಮ ಇದಕ್ಕೆ ಸಮೀಪದ ಹೋಲಿಕೆ.

ಕೂಡಿ ದುಡಿಯುವವರು ಕವಲೊಡೆದು ಬೇರೆಬೇರೆಯಾಗಿ ತಿದ್ದಿ, ಬಳಿಕ ಕವಲುಗಳನ್ನು ಬೆಸೆಯುತ್ತಾರೆ. ಇಬ್ಬರು ಒಂದೇ ಪಂಕ್ತಿಯನ್ನು ಭಿನ್ನವಾಗಿ ತಿದ್ದಿದ್ದರೆ ಗಿಟ್ ಎರಡನ್ನೂ ಮುಂದಿಟ್ಟು ನಿಲ್ಲುತ್ತದೆ. ಯುಕ್ತಪಾಠದ ನಿರ್ಣಯ ಮನುಷ್ಯನದು. ಬದಲಾವಣೆಯ ಕಾರಣವನ್ನು ಟಿಪ್ಪಣಿಯಲ್ಲಿ ಬರೆದಿಡುವ ಹೊಣೆಯೂ ಅವನದೇ. ಆ ಟಿಪ್ಪಣಿ ಬರಿದಾದರೆ ‘ಯಾರು, ಯಾವಾಗ’ ಎಂಬುದು ಉಳಿದು ‘ಏಕೆ’ ಎಂಬುದು ಅಳಿಯುತ್ತದೆ. ಹತ್ತು ವರ್ಷಗಳ ಬಳಿಕ ಬರುವವನು ಓಲೆಗರಿಯ ಸಂಪಾದಕನಂತೆಯೇ ಊಹೆಗೆ ಇಳಿಯಬೇಕಾಗುತ್ತದೆ.