ಯುಗಾದಿಯ ಗೋಡೆ, ದಸರೆಯ ಗೋಡೆ

ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಸುವ ರೂಢಿ ನಮ್ಮ ತಲೆಮಾರಿನವರಿಗೆ ಅಪರಿಚಿತವಲ್ಲ. ದೇವರ ಪಟಗಳು, ಹಿರಿಯರ ಭಾವಚಿತ್ರಗಳು, ಅಂಗಡಿಯವರು ಕೊಟ್ಟ ಕ್ಯಾಲೆಂಡರುಗಳು ಎಲ್ಲವೂ ಆ ನೆಪದಲ್ಲಿ ಕೆಳಗಿಳಿಯುತ್ತಿದ್ದುವು. ಧೂಳು ಕೊಡವಿಸಿಕೊಂಡು, ಬೆನ್ನಿಗಂಟಿದ ಹಲ್ಲಿಯ ಮೊಟ್ಟೆಗಳನ್ನು ಕಳೆದುಕೊಂಡು, ಮತ್ತೆ ಮೇಲೇರುತ್ತಿದ್ದುವು. ಈಗ ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಆರೆಂಟು ವರ್ಷಕ್ಕೊಮ್ಮೆ ಬಣ್ಣ ಹೊಡೆಸಿದರೆ ಮುಗಿಯಿತು. ಮೊಳೆಗೇರಿದ ಚಿತ್ರ ಅಲ್ಲಿಯವರೆಗೆ ಅಲುಗುವುದಿಲ್ಲ. ಈ ನಿಶ್ಚಲತೆಯಿಂದ ನಾನು ಕಳೆದುಕೊಂಡದ್ದೊಂದಿದೆ. ಅದನ್ನು ಹೇಳಬೇಕೆಂದೇ ಈ ಮಾತು.

ಸಾಗರದ ಕಡೆಯ ದೀವರ ಮನೆಗಳಲ್ಲಿ ಹಸೆಚಿತ್ತಾರ ಬರೆಯುವುದನ್ನು ಕೇಳುಗರಲ್ಲಿ ಕೆಲವರು ಕಂಡಿರಬಹುದು. ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಪುಂಡಿನಾರಿನ ಕುಂಚದಿಂದ ಎಳೆ ಎಳೆಯಾಗಿ ಬರೆಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಹಸೆ ಎಂದರೆ ಮದುಮಕ್ಕಳ ಆಸನವೂ ಹೌದು, ಆ ಆಸನದ ಹಿಂದಿನ ಚಿತ್ರವೂ ಹೌದು. ಒಂದೇ ಮಾತು ಕೂರುವುದನ್ನೂ ಕಾಣುವುದನ್ನೂ ಹಿಡಿದಿಟ್ಟಿದೆ. ನನ್ನ ಅಕ್ಕ ಈ ಕೈಬರಹದಲ್ಲಿ ನುರಿತವಳು. ನಾನು ಬನಶಂಕರಿಯಲ್ಲಿ ಮನೆ ಕಟ್ಟಿಸಿದಾಗ ದಪ್ಪ ಕಾಗದದ ಮೇಲೊಂದು ಹಸೆ ಬರೆದುಕೊಟ್ಟಳು. ಸಂಕ್ರಾಂತಿಯ ದಿನ, ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ನೋಡಿಯೇ, ನಡುಮನೆಯ ದಕ್ಷಿಣದ ಗೋಡೆಗೆ ಅದನ್ನು ತೂಗುಹಾಕಿದೆ. ಮುಂದಿನ ವರ್ಷ ಅಕ್ಕ ತೀರಿಕೊಂಡಳು. ಮೂರನೆಯ ಬೇಸಿಗೆ ಕಳೆಯುವಷ್ಟರಲ್ಲಿ ಹಸೆಯ ಹಳದಿ ಇರಲಿಲ್ಲ. ಮಾಸಿತ್ತೆಂದಲ್ಲ, ಇರಲೇ ಇಲ್ಲ.

ಬಿಸಿಲು ಬೀಳದ ಗೋಡೆಯಲ್ಲಿ ಹೀಗೇಕಾಯಿತು? ಪಂಚಾಂಗ ನೋಡುವ ಮನೆತನದವನಾದರೂ ನನಗೆ ಇದು ಹೊಳೆಯಲು ಬಹಳ ಕಾಲ ಬೇಕಾಯಿತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳಿಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ. ಮುಳುಗುವ ದಿಕ್ಕಾದರೋ ಮಾರ್ಚ್ 21ರಿಂದಲೇ ಪಶ್ಚಿಮದಿಂದ ಉತ್ತರಕ್ಕೆ ಜರುಗತೊಡಗಿ, ಜೂನಿನಲ್ಲಿ ಸುಮಾರು 24 ಡಿಗ್ರಿಯಷ್ಟು ಜರುಗಿರುತ್ತದೆ. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಆದುದರಿಂದ ಪಶ್ಚಿಮದ ಕಿಟಕಿಯಿಂದ ಒಳಬರುವ ಸಂಜೆಯ ಬಿಸಿಲು ಚಳಿಗಾಲದಲ್ಲಿ ಕೋಣೆಯ ಉತ್ತರದ ಗೋಡೆಯ ಕಡೆಗೆ ವಾಲುತ್ತದೆ. ಯುಗಾದಿ ಕಳೆದ ಮೇಲೆ ದಕ್ಷಿಣದ ಗೋಡೆಯ ಕಡೆಗೆ. ಜನವರಿಯಲ್ಲಿ ನಾನು ಅಳೆದು ನೋಡಿದ ನೆರಳು ಜನವರಿಯ ನೆರಳು ಮಾತ್ರವಾಗಿತ್ತು. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುತ್ತ ಬಂದಿರುವ ಚಿತ್ರಸಂತೆಯೂ ಜನವರಿಯದೇ. ಅಲ್ಲಿ ಕೊಂಡು ತಂದು ತೂಗುಹಾಕಿದ ಎಷ್ಟೋ ಚಿತ್ರಗಳಿಗೆ ಇದೇ ಗತಿ ಕಾದಿರಬಹುದು.

ಎಲ್ಲ ಬಣ್ಣಗಳೂ ಬಿಸಿಲಿಗೆ ಸೋಲುವುದಿಲ್ಲವೆಂಬುದನ್ನೂ ಅಕ್ಕನ ಹಸೆಯೇ ತೋರಿಸಿತು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನದೇ ಜಾತಿ, ಕಪ್ಪು ಇದ್ದಿಲಿನದು. ಇವೆರಡೂ ಬೆಳಕಿನಿಂದ ಆಗಬೇಕಾದುದೇನೂ ಉಳಿದಿಲ್ಲದ ವಸ್ತುಗಳು. ಗಿಡದಿಂದ ಬಂದ ಹಳದಿಗಳು ಹಾಗಲ್ಲ. ಅರಿಶಿನದ ಕಲೆಯನ್ನು ಬಿಸಿಲಿಗೆ ಒಡ್ಡಿ ತೆಗೆಯುವ ಹೆಂಗಸರಿಗೆ ಇದು ರಸಾಯನಶಾಸ್ತ್ರಜ್ಞರಿಗಿಂತ ಮುಂಚೆಯೇ ತಿಳಿದಿತ್ತು. ಅಚ್ಚಿನ ಚಿತ್ರಗಳಲ್ಲಿಯೂ ಸಾಮಾನ್ಯವಾಗಿ ಮೊದಲು ಓಡಿಹೋಗುವುದು ಹಳದಿ ಮತ್ತು ಕೆಂಪು. ಹಳೆಯ ಹೋಟೆಲಿನ ಗಲ್ಲದ ಮೇಲೆ ಲಕ್ಷ್ಮಿಯೂ ಸರಸ್ವತಿಯೂ ಕೃಷ್ಣನಂತೆ ನೀಲವರ್ಣರಾಗಿ ಕುಳಿತಿರುವುದಕ್ಕೆ ಕಾರಣ ಭಕ್ತಿಯಲ್ಲ, ಎದುರಿನ ಬಾಗಿಲು. ಮೈಸೂರು ಶೈಲಿಯ ಚಿತ್ರಗಳ ಚಿನ್ನದ ರೇಕು ಬೆಳಕಿಗೆ ಅಂಜದು. ಆದರೆ ಅದರ ಕೆಳಗಿನ ಅಂಟು, ಕಾಗದಗಳು ಕಾವಿಗೆ ಒಣಗಿ ಬಿರಿಯುತ್ತವೆ.

ಉಪಾಯ ಸುಲಭವಾದುದು. ಪಶ್ಚಿಮದ ಕಿಟಕಿಯಿರುವ ಕೋಣೆಯಲ್ಲಿ ಎರಡು ಗೋಡೆಗಳ ಚಿತ್ರಗಳು ಯುಗಾದಿಗೊಮ್ಮೆ ದಸರೆಗೊಮ್ಮೆ ಸ್ಥಳ ಬದಲಿಸಿದರೆ ಸಾಕು. ಬಿಸಿಲು ಬೀಳುವ ಗೋಡೆಗೆ ಸುಟ್ಟಮಣ್ಣಿನ ಫಲಕವನ್ನೋ ಹಿತ್ತಾಳೆಯ ತಟ್ಟೆಯನ್ನೋ ಹಾಕಬಹುದು. ಇಳಿಸಿದಾಗ ಗಾಜನ್ನು ಒಣಬಟ್ಟೆಯಿಂದ ಒರೆಸಬೇಕು. ನೀರು ಚಿಮುಕಿಸಿದರೆ ಚೌಕಟ್ಟಿನ ಸಂದಿನಿಂದ ಒಳಗಿಳಿಯುತ್ತದೆ. ಚೌಕಟ್ಟಿನ ಬೆನ್ನಿನ ಕೆಳಮೂಲೆಗಳಿಗೆ ಬಿರಡೆಯ ಎರಡು ಬಿಲ್ಲೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಿ, ಮೇ ತಿಂಗಳ ಮಳೆಗೆ ಬೂಷ್ಟು ಹಿಡಿಯದು. ಹೊಸ ಬಣ್ಣದ ಗೋಡೆ ಚೆನ್ನಾಗಿ ಆರುವ ಮುನ್ನ ಏನನ್ನೂ ತೂಗುಹಾಕಬಾರದು.

ಕಳೆದ ವರ್ಷ ಅಕ್ಕನ ಮಗಳು ಬಂದಿದ್ದಳು. ಹಸೆಯನ್ನು ನೋಡಿ, "ಹಳದಿ ತುಂಬಿಕೊಡಲೇ ಮಾವ?" ಎಂದಳು. ಊರಿನಲ್ಲಿ ಹಸೆಗೋಡೆ ಮಾಸಿದರೆ ಯಾರೂ ದುಃಖಿಸುವುದಿಲ್ಲ. ಮತ್ತೊಂದು ಮದುವೆಗೆ ಮತ್ತೆ ಕೆಮ್ಮಣ್ಣು ಬಳಿಯುತ್ತಾರೆ. ಅವಳ ಮಾತು ಅಲ್ಲಿಯ ನ್ಯಾಯಕ್ಕೆ ಸರಿಯಾದುದೇ. ಆದರೂ ನಾನು ಒಪ್ಪಲಿಲ್ಲ. ಹಳದಿಯಿದ್ದ ಕಡೆ ಅಕ್ಕನ ಕುಂಚದ ಗೀರು ಓರೆಯಾಗಿ ನೋಡಿದರೆ ಇನ್ನೂ ಕಾಣುತ್ತದೆ. ಹುಡುಗಿ ಬೇಸರಿಸಲಿಲ್ಲ. ಬೇರೊಂದು ಹಲಗೆಗೆ ಕೆಮ್ಮಣ್ಣು ಬಳಿದು, ಬಿಳಿ ಕಪ್ಪುಗಳಲ್ಲಿ ಮಾತ್ರ ತನ್ನದೊಂದು ಹಸೆ ಬರೆದಳು. ಯುಗಾದಿಯಿಂದ ದಸರೆಯವರೆಗೆ ದಕ್ಷಿಣದ ಗೋಡೆಗೆ ಅದು. ಅಕ್ಕನದು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬೀರುವಿನಲ್ಲಿರುತ್ತದೆ.

ಮೊದಲ ಸಲ ಅದನ್ನು ಇಳಿಸಿದಾಗ ಅದರ ಹಿಂದಿನ ಗೋಡೆ ಸುತ್ತಲಿನದಕ್ಕಿಂತ ಗಾಢವಾಗಿ, ಚೌಕವಾಗಿ ಉಳಿದಿತ್ತು. ಹುಡುಗಿಯ ಹಲಗೆ ಅದಕ್ಕಿಂತ ಚಿಕ್ಕದು. ಸುತ್ತ ಒಂದು ಬೆರಳಗಲ ಆ ಅಂಚು ಕಾಣುತ್ತಲೇ ಇದೆ. ಬಣ್ಣ ಹೊಡೆಸುವ ಯೋಚನೆ ಸದ್ಯಕ್ಕಿಲ್ಲ.