ಎಂಜಿನಿಯರಿಂಗ್ ಓದಿದವರಿಗೆ ಕಾರ್ಖಾನೆ ತರಬೇತಿ



ಗೊಬ್ಬರದ ಮಾತಾಡುವ ಗ್ರಾಮಸೇವಕನಿಗೆ ಇದೇಕೆ ಎನ್ನಬೇಡಿ. ನಮ್ಮ ಹಳ್ಳಿಗಳ ಮಕ್ಕಳೂ ಎಂಜಿನಿಯರಿಂಗ್ ಓದುತ್ತಿದ್ದಾರೆ. ಕೆಲಸ ಕೇಳಹೋದರೆ "ಅನುಭವವಿದೆಯೇ?" ಎಂಬುದೇ ಮೊದಲ ಪ್ರಶ್ನೆ. ಆ ಅನುಭವಕ್ಕೆ ಸರ್ಕಾರ ಮಾಡಿಕೊಟ್ಟ ಒಂದು ದಾರಿ ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿಯಾಗಿ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರಲ್ಲಿ ಸೇರಿದರು.

ಇವರಿಗೆ ತರಬೇತಿ ಸಾಮಾನ್ಯವಾಗಿ ಒಂದು ವರ್ಷ. ಕಾರ್ಖಾನೆಯವರು ತಿಂಗಳು ತಿಂಗಳು ಸ್ಟೈಪೆಂಡ್ ಕೊಡುತ್ತಾರೆ. ನಿಗದಿಯಾದ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ದಕ್ಷಿಣ ರಾಜ್ಯಗಳಿಗಾಗಿ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ. ಹೆಸರು ನೋಂದಾಯಿಸಲು ಶುಲ್ಕವಿಲ್ಲ. "ಹಣ ಕೊಡಿ, ಸೇರಿಸುತ್ತೇನೆ" ಎಂದು ಬರುವವನಿಗಾಗಿ ಎಮ್ಮೆ ಮಾರಬೇಡಿ.

ಒಂದು ಸಂಗತಿ ಮೊದಲೇ ತಿಳಿದಿರಲಿ. ಅಪ್ರೆಂಟಿಸ್ ಆದವನು ಕಾನೂನಿನ ಪ್ರಕಾರ ನೌಕರನಲ್ಲ, ಕಲಿಯುವವನು. ವರ್ಷ ಮುಗಿದ ಮೇಲೆ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ತರಬೇತಿಯ ಕೆಲಸದಿಂದ ಪೆಟ್ಟಾದರೆ ಕಾನೂನಿನಂತೆ ಪರಿಹಾರ ಉಂಟು. ಇನ್ನು, ಇಡೀ ವರ್ಷ ಕಾಗದ ಹೊರುವ ಕೆಲಸವನ್ನೇ ಕೊಟ್ಟರೆ ಅದೆಂಥ ತರಬೇತಿ? ಯಾವ ವಿಭಾಗ, ಯಾರ ಕೈಕೆಳಗೆ, ತಿಂಗಳಿಗೆ ಎಷ್ಟು ಎಂಬುದನ್ನು ಮಗನಾಗಲಿ ಮಗಳಾಗಲಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಲಿ. ಒಪ್ಪಂದದ ಒಂದು ಪ್ರತಿ ಮನೆಯಲ್ಲಿರಲಿ.